ಕಾರ್ಡಿನ ಮೇಲಿನ ಮುದುಕಿ

"ಇನ್ನು ಮೇಲೆ ಗುರುವಾರ ಈ ಮನೇಲಿ ನಾನು ಒಲೆ ಹಚ್ಚಲ್ಲ," ಎಂದು ಅತ್ತೆ ಸೌಟನ್ನು ಅಡುಗೆಕಟ್ಟೆಯ ಮೇಲೆ ಕುಕ್ಕಿದರು. ಮಗ ಬೂಟು ಬಿಚ್ಚುತ್ತಿದ್ದ, ಮೊಮ್ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು, ಸೊಸೆ ಆಗ ತಾನೇ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಮೂವರೂ ಇದ್ದಲ್ಲೇ ಗಕ್ಕನೆ ನಿಂತರು.

"ಯಾಕಮ್ಮಾ, ಪಾಪ ಗುರುವಾರ ಏನು ತಪ್ಪು ಮಾಡ್ತು?" ಎಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದೇ ಅವನ ಹೊಟ್ಟೆಪಾಡು. ಮನೆಗೆ ಬಂದರೆ ತಾಯಿ ಹೆಂಡತಿ ನಡುವೆ ತಾನೇ ಸಿಕ್ಕಿಕೊಳ್ಳುತ್ತಿದ್ದ, ಬಿಡಿಸುವವರು ಯಾರೂ ಇರಲಿಲ್ಲ.

"ತಪ್ಪು ಗುರುವಾರದ್ದಲ್ಲ, ನಿನ್ನ ಹೆಂಡತೀದು. ನಾನು ಸಕ್ಕರೆ ಡಬ್ಬಿಗೆ ಬೀಗ ಹಾಕ್ತೀನಂತೆ, ಕೀಲಿಕೈ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತೀನಂತೆ! ಅಂಗಡಿಗೆ ಬಂದು ಹೋಗೋರಿಗೆಲ್ಲ ಓದಿಸ್ತಿದ್ದಾಳೆ. ಅದೂ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ!"

"ಅಜ್ಜಿ, ನೀನು ಬಿಸ್ಕತ್ತಿನ ಡಬ್ಬೀನ ಬಟ್ಟೆ ಕಪಾಟಿನಲ್ಲಿ ಬಚ್ಚಿಡ್ತೀಯಲ್ಲ," ಎಂದಳು ಮೊಮ್ಮಗಳು. ಅವಳನ್ನು ಮನೆಯವರೆಲ್ಲ ಚಿನಕುರಳಿ ಅನ್ನುತ್ತಿದ್ದರು. ಯಾಕೆಂದು ಯಾರೂ ಕೇಳುವ ಅಗತ್ಯವಿರಲಿಲ್ಲ.

"ನಿನ್ನ ಹಲ್ಲು ಹುಳುಕಾಗದಿರಲಿ ಅಂತ ಕಣೇ! ಅದನ್ನೂ ಬರೆಸಿಬಿಡು ನಿಮ್ಮಮ್ಮನ ಕೈಲಿ!"

"ಅತ್ತೆ, ಅದು ನೀವಲ್ಲ," ಎಂದಳು ಸೊಸೆ.

"ಮತ್ಯಾರು? ಹೇಳು, ಮತ್ಯಾರು?"

ಸೊಸೆ ಚಪ್ಪಲಿಯನ್ನು ಮೂಲೆಗೆ ಸರಿಸಿದಳು. ಹೇಳಬಹುದಿತ್ತು. ಸಕ್ಕರೆಗೆ ಬೀಗ ಹಾಕಿದ್ದು ಅವಳ ಹೆತ್ತ ತಾಯಿ. ಆದರೆ ಇಂಥ ಮಾತನ್ನು ಅತ್ತೆಯ ಕೈಗೆ ಕೊಡುವುದೇ? ಕೊಟ್ಟರೆ ಮುಗಿಯಿತು, ಇರುವಷ್ಟು ದಿನ ಚಹಾ ಸೋಸುವಾಗಲೆಲ್ಲ "ನಿಮ್ಮ ತವರಿನಲ್ಲಿ ಸಕ್ಕರೆಗೂ ಬೀಗ ಅಲ್ಲವೇನೇ?" ಎಂದು ಕುಟುಕುತ್ತಾರೆ. ಅವಳು ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚಿದ್ದನ್ನು ಅತ್ತೆ ತಪ್ಪೊಪ್ಪಿಗೆ ಎಂದೇ ತಿಳಿದರು.

ಈ ಕಾರ್ಡಿನ ಸಮಾಚಾರವನ್ನು ಮೊದಲಿಂದ ಹೇಳಿಬಿಡುವುದು ಒಳ್ಳೆಯದು. ಸೊಸೆ ಇದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಫ್ರೇಮಿನ ಅಳತೆಗೆ ತೇಯುವುದು, ಸಡಿಲಾದ ತಿರುಪು ಬಿಗಿಯುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು, ಕೊನೆಗೆ ಗಿರಾಕಿಯ ಕೈಗೆ ಓದುವ ಕಾರ್ಡು ಕೊಟ್ಟು "ಎಲ್ಲಿ, ಓದಿ" ಅನ್ನುವುದು ಅವಳ ಕೆಲಸ. ಕಾರ್ಡಿನ ಮೇಲ್ಗಡೆ ದಪ್ಪಕ್ಷರ, ಇಳಿದಂತೆಲ್ಲ ಸಣ್ಣ, ಕಟ್ಟಕಡೆಗೆ ಇರುವೆ ಸಾಲು. ಹಳೇ ಕಾರ್ಡಿನಲ್ಲಿ "ಮನೆಯ ಸುತ್ತ ನೀರು ನಿಲ್ಲಲು ಬಿಡಬಾರದು" ಅಂತ ಶುರುವಾಗಿ ಸೊಳ್ಳೆಯ ಕಾಲಿನ ತನಕ ವರ್ಣನೆಯಿತ್ತು. ವರ್ಷಾನುಗಟ್ಟಲೆ ಅದನ್ನೇ ಓದಿದ ಗಿರಾಕಿಗಳಿಗೆ ಅದು ಬಾಯಿಪಾಠವಾಗಿಬಿಟ್ಟಿತ್ತು. ಒಬ್ಬ ಮಹಾಶಯರಂತೂ ಕಾರ್ಡನ್ನು ತಲೆಕೆಳಗಾಗಿ ಹಿಡಿದುಕೊಂಡು ಕೊನೆಯ ಸಾಲಿನವರೆಗೂ ಗಡಗಡ ಒಪ್ಪಿಸಿ, ಕನ್ನಡಕ ಒಯ್ದು, ಮಾರನೇ ದಿನ ಏನೂ ಕಾಣುತ್ತಿಲ್ಲವೆಂದು ಕೂಗಾಡುತ್ತಾ ಬಂದರು. ಅಂಗಡಿ ಮಾಲೀಕರು ಹಣೆ ಚಚ್ಚಿಕೊಂಡು, "ಬೇರೆ ಏನಾದ್ರೂ ಬರೆದು ಹಾಕಮ್ಮ, ನಿನ್ನ ಪುಣ್ಯ," ಎಂದರು.

ಅವಳಿಗೆ ಅಷ್ಟು ಅಂದದ್ದೇ ಹೆಚ್ಚಾಯಿತು. ಮದುವೆಗೆ ಮುಂಚಿನಿಂದ ಕಥೆ ಬರೆಯುತ್ತಿದ್ದವಳು ಅವಳು. ಓದುವವರು ಒಬ್ಬರೂ ಇರಲಿಲ್ಲ. ಗಂಡನಿಗೆ ಓದಿ ಹೇಳಿದರೆ ಶುರುವಾಗುವಷ್ಟರಲ್ಲೇ "ಚೆನ್ನಾಗಿದೆ ಕಣೇ" ಅಂದು ಗೊರಕೆ ಹೊಡೆಯುತ್ತಿದ್ದ. ಪತ್ರಿಕೆಗಳಿಗೆ ಕಳಿಸಿದರೆ ಹೂಂ ಇಲ್ಲ, ಉಹೂಂ ಇಲ್ಲ. "ಇದರಿಂದ ನಾಲ್ಕು ಕಾಸು ಬರುತ್ತಾ? ಆ ಹೊತ್ತಿಗೆ ಬಟ್ಟೆಯಾದ್ರೂ ಮಡಚಿಡಬಾರದಾ?" ಎನ್ನುತ್ತಿದ್ದರು ಅತ್ತೆ. ಈಗ ನೋಡಿದರೆ ಗಿರಾಕಿಗಳು ಓದಲೇಬೇಕು, ಬೇರೆ ದಾರಿಯೇ ಇಲ್ಲ! ಅವಳು ಉಬ್ಬಿಹೋದಳು. ದಪ್ಪಕ್ಷರದಲ್ಲಿ ಮುದುಕಿ ಸಕ್ಕರೆ ಡಬ್ಬಿಗೆ ಬೀಗ ಹಾಕಿದಳು, ಕೀಲಿಕೈ ದಿಂಬಿನ ಕೆಳಗಿಟ್ಟಳು, ಸೊಸೆಗೆ ಕೋಪ ಬಂತು. ಅಕ್ಷರ ಸಣ್ಣಗಾದಂತೆ ಬೀಗ ಯಾರಿಗಾಗಿ ಎಂದು ಗೊತ್ತಾಗುತ್ತಿತ್ತು: ಸಕ್ಕರೆ ಕಾಯಿಲೆಯ ಮುದುಕ ಗಂಡನಿಗೆ. ಇರುವೆ ಸಾಲಿನಲ್ಲಿ ಆ ಮುದುಕ ಬೆಳಗಾಗೆದ್ದು ಬೀಗದ ಮುಂದೆ ಬಂದು ಕೂತ. ಅಲ್ಲಿಗೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ಮೊದಲು ಸಿಕ್ಕಿಬಿದ್ದವರು ಕೆಲಸದಿಂದ ನಿವೃತ್ತರಾಗಿದ್ದ ಬಸ್ ಕಂಡಕ್ಟರು. "ಮುದುಕ ಕೂತ, ಸರಿ. ಆಮೇಲೆ?" ಎಂದು ಕೇಳಿದರು.

"ಕಾರ್ಡು ಅಷ್ಟೇ ಸರ್."

"ಕಾರ್ಡು ಅಷ್ಟಿರಬಹುದು, ಕಥೆ ಅಷ್ಟೇ ಆಗೋದು ಹೇಗೆ? ಅರ್ಧ ದಾರೀಲಿ ಇಳಿಸ್ತಾರೇನಮ್ಮ ಯಾರಾದ್ರೂ?"

ಮಿಕ್ಕಿದ್ದನ್ನು ಬರೆದುಕೊಟ್ಟಳು. ಓದಿ ಮುಗಿಸಿ ಅವರು ಸಂಕೋಚದಿಂದ, "ನಾನೂ ಒಂದಿಷ್ಟು ಗೀಚ್ತೀನಿ, ಬಸ್ಸಿನಲ್ಲಿ ಕಂಡದ್ದು ಕೇಳಿದ್ದು," ಎಂದರು. ಮೇಲಿನ ಮಹಡಿಯ ಹಲ್ಲಿನ ಕ್ಲಿನಿಕ್ಕಿನ ನರ್ಸೂ ಬರೆಯುತ್ತಿದ್ದಳು, ಕೊಲೆ ಪತ್ತೇದಾರಿ. ಅವಳ ಕಥೆಗಳಲ್ಲಿ ಸಾಯುವವರೆಲ್ಲ ಡಾಕ್ಟರುಗಳೇ. ಶಾಲೆಯ ಡ್ರಿಲ್ ಮೇಷ್ಟ್ರು ಪ್ರೇಮಕಥೆ ಬರೆಯುತ್ತಿದ್ದರು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರು. ಗುರುವಾರ ಅಂಗಡಿ ಬೇಗ ಮುಚ್ಚುತ್ತಿತ್ತು. ಷಟರು ಅರ್ಧ ಇಳಿಸಿ ನಾಲ್ವರೂ ಒಳಗೆ ಕೂತರು.

ಮೊದಲ ಸಂಜೆ ಮೇಷ್ಟ್ರು ತಮ್ಮ ಪ್ರೇಮಕಥೆಯನ್ನು ಡ್ರಿಲ್ಲಿನ ಗಂಟಲಲ್ಲಿ ತಾವೇ ಓದಿದರು. "ನಿನ್ನನ್ನು ಬಿಟ್ಟು ಬದುಕಲಾರೆ" ಎಂಬಲ್ಲಿ ನರ್ಸು ಬೆಚ್ಚಿ ಎದ್ದು ನಿಂತಳು. ಅವತ್ತೇ ಒಂದು ಕಟ್ಟಳೆ ಹುಟ್ಟಿತು: ಬರೆದವರು ಓದಬಾರದು, ಬೇರೆಯವರು ಓದಬೇಕು. ಬರೆದವರು ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ಬಾಯಿ ಹೊಲಿದುಕೊಂಡು ಕೂರಬೇಕು. ಎಲ್ಲರೂ ಹೇಳಿ ಮುಗಿಸಿ, ಓದಿದವರು "ಇಳೀರಿ" ಅನ್ನುವ ತನಕ ಒಂದಕ್ಷರ ಆಡುವಂತಿಲ್ಲ.

ಆ ಕುರ್ಚಿಯಲ್ಲಿ ಕೂತು ತನ್ನ ಸಾಲು ಇನ್ನೊಬ್ಬರ ಬಾಯಲ್ಲಿ ಕೇಳಿದ ದಿನ ಸೊಸೆಗೆ ಅಳು ಬಂತು, ಸಂತೋಷಕ್ಕೆ. ಇವರು "ಚೆನ್ನಾಗಿದೆ" ಅಂದು ಕೈ ತೊಳೆದುಕೊಳ್ಳುವವರಲ್ಲ. "ಇಲ್ಲಿ ಸುಳ್ಳು ಹೇಳಿದ್ದೀಯ", "ಈ ಹುಡುಗಿ ಅಷ್ಟು ಸುಲಭವಾಗಿ ಕ್ಷಮಿಸಲ್ಲ" ಎಂದು ಹಿಡಿದು ಜಗ್ಗಾಡುತ್ತಿದ್ದರು. ಇಷ್ಟು ವರ್ಷ ಎಲ್ಲಿದ್ದರಪ್ಪ ಇವರೆಲ್ಲ ಎಂದು ಅವಳು ದಾರಿಯುದ್ದಕ್ಕೂ ನಗುತ್ತಾ ಮನೆಗೆ ಬರುತ್ತಿದ್ದಳು. ಗುರುವಾರದ ರಾತ್ರಿಯೂಟವನ್ನು ಅತ್ತೆಯೇ ನೋಡಿಕೊಳ್ಳುತ್ತಿದ್ದರು, ಗೊಣಗಿಕೊಂಡೇ.

ಅಷ್ಟರಲ್ಲಿ ಎದುರುಮನೆಯ ದರ್ಜಿ ಹೆಂಗಸು ಹೊಸ ಕನ್ನಡಕ ಮಾಡಿಸಿಕೊಂಡಳು. ಕಾರ್ಡು ಓದಿ ಬಂದವಳು ಒಗ್ಗರಣೆ ಹಾಕಿ ಅತ್ತೆಗೆ ಹೇಳಿದಳು. ಅತ್ತೆ ನೆಟ್ಟಗೆ ಅಂಗಡಿಗೆ ಹೋದರು. ಸೊಸೆ ಹಿಂದಿನ ಕೋಣೆಯಲ್ಲಿ ಗಾಜು ತೇಯುತ್ತಿದ್ದಳು. ಕಾರ್ಡನ್ನು ಕೈ ಚಾಚಿ ದೂರ ಹಿಡಿದು ಓದಿ, ಮೇಜಿನ ಮೇಲೆ ಬಡಿದು, ಮಾಲೀಕರಿಗೂ ಎರಡು ಮಾತು ಬೈದು, ಅತ್ತೆ ಮನೆಗೆ ಬಂದರು. ಸೌಟು ಕುಕ್ಕಿದ್ದು ಆ ಸಂಜೆಯೇ.

ಮುಂದಿನ ಗುರುವಾರ ಮಗನೇ ಅಡುಗೆಗೆ ನಿಂತ. ಆಲೂಗಡ್ಡೆ ಹೊರಗೆ ಕಪ್ಪಗೆ, ಒಳಗೆ ಹಸಿ.

"ಅಪ್ಪ, ಇದು ಬೆಂದಿದೆಯಾ ಸುಟ್ಟಿದೆಯಾ?" ಎಂದಳು ಚಿನಕುರಳಿ.

"ಎರಡೂ ಸೇರಿದೆ. ಮಾತಾಡದೆ ತಿನ್ನು."

ಅತ್ತೆ ತಮ್ಮ ಪಾಡಿಗೆ ಹಾಲು ಬ್ರೆಡ್ಡು ತಿಂದು, "ನಾನು ಸಕ್ಕರೆ ಹಾಕಿಕೊಂಡಿಲ್ಲ, ಯಾರಾದ್ರೂ ನೋಡಿಕೊಳ್ಳಿ. ಆಮೇಲೆ ಅದನ್ನೂ ಬರೆದಾರು," ಎಂದು ಗೋಡೆಗೆ ಹೇಳಿದರು.

ಅದರ ಮುಂದಿನ ಗುರುವಾರ ಮಗ ಮೊಟ್ಟೆ ಬೇಯಿಸಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಮರೆತ. ನೀರು ಇಂಗಿ ಮೊಟ್ಟೆಗಳು ಪಟಪಟನೆ ಸಿಡಿದವು. ಸೊಸೆ ಮನೆಗೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅತ್ತೆಯ ಚೀಲ ಬಾಗಿಲ ಪಕ್ಕದಲ್ಲಿತ್ತು.

"ನೋಡಮ್ಮ," ಎಂದರು ಅತ್ತೆ. ಅವರು 'ಅಮ್ಮ' ಎಂದರೆ ವಿಷಯ ಕೆಟ್ಟಿದೆ ಎಂದೇ ಸೊಸೆಗೆ ಗೊತ್ತಿತ್ತು. "ಆ ಕಾರ್ಡು ತೆಗಿ, ಗುರುವಾರದ ಆ ಹರಟೆ ಬಿಡು. ಆಗಲ್ಲಾಂದ್ರೆ ಹೇಳಿಬಿಡು, ನಾನು ಮಗಳ ಮನೆಗೆ ಹೋಗ್ತೀನಿ. ನಾಲ್ಕು ಜನ ಕೂತು ನನ್ನ ಆಡಿಕೊಂಡು ನಗೋದು ಗೊತ್ತಿದ್ದೂ ಇಲ್ಲಿ ಅನ್ನ ತಿನ್ನೋಕೆ ನನಗಾಗಲ್ಲ."

ಅತ್ತೆ ಚೀಲದ ಹಿಡಿಯನ್ನು ಸುಮ್ಮನೆ ತಿರುಚುತ್ತಿದ್ದರು. ಅದು ಕೋಪವಲ್ಲ, ನೋವು ಎಂದು ಸೊಸೆಗೆ ಗೊತ್ತಾಯಿತು.

ಗಂಡ ಹೊರಗೆ ಕರೆದು, "ನನ್ನನ್ನ ಅಡಕತ್ತರಿಯಲ್ಲಿ ಸಿಕ್ಕಿಸಬೇಡ ಕಣೇ. ಸ್ವಲ್ಪ ದಿನ ಬಿಟ್ಟುಬಿಡು," ಎಂದ.

"ಸ್ವಲ್ಪ ದಿನ ಬಿಟ್ಟದ್ದು ಮತ್ತೆ ಬರಲ್ಲ ರೀ. ನನಗೆ ಓದೋರು ಸಿಕ್ಕಿದ್ದೇ ಈಗ."

"ಮತ್ತೆ ಅದು ಅಮ್ಮ ಅಲ್ಲ ಅಂತೀಯಲ್ಲ, ಯಾರು ಅಂತ ಹೇಳಿಬಿಡೇ!"

"ಹೇಳಿದ್ರೆ ಇವರು ಬಿಡ್ತಾರಾ ನನ್ನ?"

ಅವನಿಗೆ ತಾಯಿಯ ಸ್ವಭಾವ ಗೊತ್ತಿತ್ತು. "ಬಿಡಲ್ಲ," ಎಂದು ಒಪ್ಪಿಕೊಂಡ.

ಸೊಸೆ ಕಾರ್ಡು ತೆಗೆದಳು. ಗಿರಾಕಿಗಳ ಕೈಗೆ ಮತ್ತೆ ಸೊಳ್ಳೆ ಬಂತು. ಗುರುವಾರ ನೇರ ಮನೆಗೆ ಬಂದು ಬಟ್ಟೆ ಮಡಚಿದಳು. ಅತ್ತೆ ಚೀಲ ಬಿಚ್ಚಿದರು, ಒಲೆ ಹಚ್ಚಿದರು, ಊಟ ರುಚಿಯಾಗಿತ್ತು. ಆದರೆ ಊಟದ ಮೇಜಿನಲ್ಲಿ ಉಪ್ಪು ಕೊಡಿ, ನೀರು ಕೊಡಿ ಬಿಟ್ಟರೆ ಮಾತಿರಲಿಲ್ಲ. ಬರೆಯಲು ಕೂತರೆ ಸೊಸೆಗೆ ಒಂದು ಸಾಲೂ ಹೊಳೆಯಲಿಲ್ಲ. ಯಾರಿಗೆ ಬರೆಯಬೇಕು? ಅವಳು ಸೊರಗಿದ್ದು ಅತ್ತೆಗೂ ಕಂಡಿತು. "ಹುಷಾರಿಲ್ವೇನೋ ಅವಳಿಗೆ?" ಎಂದು ಮಗನನ್ನು ಪಿಸುಮಾತಿನಲ್ಲಿ ಕೇಳಿದರು. "ಆರಾಮಾಗೇ ಇದ್ದಾಳೆ, ನೀನು ಹೇಳಿದ ಹಾಗೆ ಇದ್ದಾಳೆ," ಎಂದ ಅವನು. ಅತ್ತೆಗೆ ಆ ಉತ್ತರ ಹಿಡಿಸಲಿಲ್ಲ.

ಮತ್ತೊಂದು ಗುರುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಅತ್ತೆ ತೆರೆದರು. ಹೊರಗೆ ಮೂವರು ನಿಂತಿದ್ದರು. ಕಂಡಕ್ಟರ ಕೈಯಲ್ಲಿ ಬಾಳೆಹಣ್ಣು, ನರ್ಸಿನ ಕೈಯಲ್ಲಿ ಕೇಕು, ಮೇಷ್ಟ್ರ ಕೊರಳಲ್ಲಿ ಸೀಟಿ.

"ನಮ್ಮ ಕಥೆಗಾರ್ತಿಗೆ ಹುಷಾರಿಲ್ವಾ ಅಂತ ನೋಡೋಕೆ ಬಂದ್ವಿ," ಎಂದರು ಕಂಡಕ್ಟರು.

"ನನ್ನನ್ನ ಆಡಿಕೊಂಡು ನಗೋರು ನೀವೇನಾ?" ಎಂದರು ಅತ್ತೆ, ಸೊಂಟದ ಮೇಲೆ ಕೈಯಿಟ್ಟು.

"ನಿಮ್ಮನ್ನ ಯಾಕಮ್ಮಾ ಆಡಿಕೊಳ್ಳೋಣ?"

"ಸಕ್ಕರೆ ಡಬ್ಬಿ ಮುದುಕಿ ನಾನೇ ತಾನೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರ್ಸು ಕೇಕನ್ನು ಮೇಷ್ಟ್ರ ಕೈಗೆ ತಳ್ಳಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ, ನೀವೇನಾ? ನನಗೆ ಆ ಅಜ್ಜಿ ಅಂದ್ರೆ ಪ್ರಾಣ ಕಣಮ್ಮಾ! ಅವರನ್ನ ಓದಿ ನಾನು ಅತ್ತುಬಿಟ್ಟೆ."

"ಅಳೋದು ಯಾಕೆ? ಬೀಗ ಹಾಕಿದ್ದಕ್ಕಾ?" ಅತ್ತೆ ತಬ್ಬಿಬ್ಬಾದರು.

"ಗಂಡನ ಜೀವ ಉಳಿಸೋಕೆ ಹಾಕಿದ ಬೀಗ ಅಲ್ವಾ ಅದು?"

"ಯಾವ ಗಂಡ? ಅಲ್ಲಿ ಗಂಡ ಎಲ್ಲಿದ್ದಾನೆ? ನಾನು ಮೇಲಿನ ನಾಲ್ಕು ಸಾಲು ಪೂರ್ತಿ ಓದಿದ್ದೀನಿ."

ಒಳಗಿನಿಂದ ಬರುತ್ತಿದ್ದ ಸೊಸೆ ನಿಂತಲ್ಲೇ ನಿಂತಳು. ಮೇಲಿನ ನಾಲ್ಕು ಸಾಲು! ಕಂಡ ಕಂಡವರ ಕಣ್ಣು ನೋಡುವ ತನಗೆ ಮನೆಯವರ ಕಣ್ಣು ನೋಡಲು ಬುದ್ಧಿ ಬರಲಿಲ್ಲವಲ್ಲ! ಅತ್ತೆ ಕೈ ಚಾಚಿ ಓದುವುದು, ದಾರ ಪೋಣಿಸಲು ಚಿನಕುರಳಿಯನ್ನು ಕೂಗುವುದು, ಎಲ್ಲ ಕಣ್ಣೆದುರೇ ಇತ್ತು. "ಅಜ್ಜಿ, ಕೆಳಗಿಂದು ನಿಂಗೆ ಕಾಣಲೇ ಇಲ್ಲ!" ಎಂದು ಚಿನಕುರಳಿ ಚಪ್ಪಾಳೆ ತಟ್ಟಿದಳು.

"ಕಾಣದೆ ಏನು? ಓದೋಕೆ ಮನಸ್ಸಾಗಲಿಲ್ಲ!"

"ಹಾಗಾದ್ರೆ ಈಗ ಕೇಳಿಸಿಕೊಳ್ಳಿ," ಎಂದು ಕಂಡಕ್ಟರು ಅಡುಗೆಮನೆಯ ಸ್ಟೂಲನ್ನು ನಡುಮನೆಗೆ ಎಳೆದು, ಸೊಸೆಯನ್ನು ಅದರ ಮೇಲೆ ಕೂರಿಸಿ, ಕಟ್ಟಳೆಯನ್ನು ಅತ್ತೆಗೆ ವಿವರಿಸಿದರು. ಸೊಸೆ ಬಾಯಿ ಬಿಡುವಂತಿಲ್ಲ ಎಂಬುದು ಅತ್ತೆಗೆ ಬಹಳ ಮೆಚ್ಚುಗೆಯಾಯಿತು. ಕುರ್ಚಿ ಎಳೆದುಕೊಂಡು ಕೂತರು. ನರ್ಸು ಚೀಲದಿಂದ ಹಾಳೆ ತೆಗೆದು ಪೂರ್ತಿ ಕಥೆ ಓದಿದಳು. ಕಾರ್ಡಿನಲ್ಲಿ ಹಿಡಿಸದೇ ಉಳಿದದ್ದನ್ನೂ ಓದಿದಳು: ಬೀಗದ ಮುಂದೆ ಕೂತ ಮುದುಕ ಸಕ್ಕರೆಗಾಗಿ ಕೂತಿರಲಿಲ್ಲ. ಹೆಂಡತಿ ಎದ್ದು ಬಂದು ಬೈಯಲಿ, ಬೈಯುತ್ತಾ ಪಕ್ಕದಲ್ಲಿ ಕೂರಲಿ ಎಂದು ಕಾಯುತ್ತಿದ್ದ.

ಅತ್ತೆ ಮೂಗೊರೆಸಿಕೊಂಡರು. ಆಮೇಲೆ ತಟ್ಟನೆ ತಲೆಯೆತ್ತಿದರು. "ತಡೀರಿ. ಇದು ನಾನಲ್ಲ! ನಮ್ಮನೆಯವರಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಚಹಾಕ್ಕೇ ಸಕ್ಕರೆ ಬೇಡ ಅಂತಿದ್ದ ಪುಣ್ಯಾತ್ಮ ಅವರು. ಯಾರೇ ಇದು?"

ಸೊಸೆ ತುಟಿ ಬಿಗಿದುಕೊಂಡು ಕೂತಳು. ನರ್ಸು "ಇಳೀರಿ" ಎಂದಳು. ಸೊಸೆಗೆ ಇಳಿಯುವ ಮನಸ್ಸೇ ಇರಲಿಲ್ಲ.

"ನಮ್ಮಮ್ಮ," ಎಂದಳು ಕೊನೆಗೆ. "ಹೇಳಿದ್ರೆ ಆಡಿಕೊಳ್ತೀರ ಅಂತ ಹೆದರಿ ಸುಮ್ಮನಿದ್ದೆ."

ಅತ್ತೆ ನಗುತ್ತಾರೆ ಎಂದು ಎಲ್ಲರೂ ಕಾದರು. ಅತ್ತೆ ನಗಲಿಲ್ಲ. ಮುಖ ಸಣ್ಣದಾಯಿತು.

"ಬೀಗರ ಮೇಲೆ ಇಷ್ಟು ಚೆಂದ ಬರೆದಿದ್ದೀಯ," ಎಂದರು. "ಹಾಗಾದ್ರೆ ನಾನು? ಇಷ್ಟು ವರ್ಷ ಜೊತೆಗಿದ್ದೀನಿ, ಬೇಯಿಸಿ ಹಾಕಿದ್ದೀನಿ, ನಿನ್ನ ಮಗಳನ್ನ ಎತ್ತಿ ಬೆಳೆಸಿದ್ದೀನಿ. ನನ್ನ ಮೇಲೆ ಒಂದು ಸಾಲೂ ಹುಟ್ಟಲಿಲ್ವಾ ನಿನಗೆ?"

ಈ ಲಿಫ್ಟು ಹೀಗೆ ಕೆಡುತ್ತದೆಂದು ಮಗ ಕನಸಿನಲ್ಲೂ ಎಣಿಸಿರಲಿಲ್ಲ.

"ಎಷ್ಟು ಸಲ ಕೂತಿದ್ದೀನಿ ಅತ್ತೆ," ಎಂದಳು ಸೊಸೆ. ಅವಳ ಕಣ್ಣಲ್ಲೂ ನೀರಿತ್ತು. "ನಿಮ್ಮ ಮೇಲೆ ಬರೆಯೋಕೆ ಭಯ ನನಗೆ."

"ಭಯ ಬೇರೆ! ಇಷ್ಟುದ್ದ ನಾಲಿಗೆ ಇದೆ, ಭಯವಂತೆ. ಬರಿ. ನಾನೇ ಓದ್ತೀನಿ, ನಿಮ್ಮ ಕಟ್ಟಳೆ ಪ್ರಕಾರ. ಮೊದಲು ಆ ಹಾಳು ಕನ್ನಡಕ ಮಾಡಿಕೊಡು."

ಮಾರನೇ ಬೆಳಿಗ್ಗೆಯೇ ಅತ್ತೆ ಅಂಗಡಿಯ ಎತ್ತರದ ಕುರ್ಚಿ ಹತ್ತಿದರು. ನಂಬರು ಕೇಳಿ "ಅಷ್ಟಿರಲ್ಲ, ನಿಮ್ಮ ಮೆಷಿನ್ ಕೆಟ್ಟಿದೆ" ಎಂದು ಮಾಲೀಕರ ಜೊತೆ ಜಗಳವಾಡಿದರು. ಫ್ರೇಮು ಆರಿಸಲು ಇಡೀ ಅಂಗಡಿ ಕೆಳಗಿಳಿಸಿದರು. ಸೊಸೆ ಗಾಜು ತೇದು, ಕಡ್ಡಿ ಬಗ್ಗಿಸಿ, ಕಿವಿಗೆ ಒತ್ತದ ಹಾಗೆ ಕೂರಿಸಿದಳು. ಆ ವಾರವೆಲ್ಲ ಅವಳು ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಅತ್ತೆ ಪಕ್ಕದಲ್ಲಿ ಹಾದುಹೋಗುವಾಗ ಹಾಳೆಯ ಮೇಲೆ ಕೈ ಮುಚ್ಚಿಕೊಳ್ಳುತ್ತಿದ್ದಳು. ಸರಿಯಾಗಿ ಬಂದರೆ ಗುರುವಾರಗಳು ಉಳಿಯುತ್ತವೆ. ಅತ್ತೆಗೆ ಚುಚ್ಚಿದರೆ ಗುರುವಾರವೂ ಇಲ್ಲ, ಮನೆಯ ನೆಮ್ಮದಿಯೂ ಇಲ್ಲ.

ಗುರುವಾರ ಷಟರು ಅರ್ಧ ಇಳಿಯಿತು. ಸೊಸೆ ಕುರ್ಚಿ ಹತ್ತಿದಳು. ಅತ್ತೆ ಹೊಸ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

ಮನೆಯೆಲ್ಲ ನೀರು ತುಂಬಿದ ದಿನದ ಕಥೆ ಅದು. ಸೊಸೆ ಅಡುಗೆಮನೆಯ ನಲ್ಲಿಯನ್ನು ತೆರೆದಿಟ್ಟು ಮರೆತಳು, ಹಾಸಿಗೆ ತೊಯ್ದಿತು, ಅಕ್ಕಿ ತೊಯ್ದಿತು, ಕಥೆಯ ಹಾಳೆಗಳೂ ತೊಯ್ದವು. ಅತ್ತೆ ಬೆಳಗಿನಿಂದ ಸಂಜೆಯವರೆಗೆ ಕೂಗಾಡಿದಳು. ಕೂಗಾಡುತ್ತಲೇ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ, ಆ ಹಾಳೆಗಳನ್ನು ಒಂದೊಂದಾಗಿ ಒಣಗಿಸಿದಳು. "ಸುಡುಗಾಡು ಕಥೆ" ಎನ್ನುತ್ತಾ ಒಣಗಿಸಿದಳು, ಒಂದೂ ಸುಡದ ಹಾಗೆ ಒಣಗಿಸಿದಳು. ಸೊಸೆ ತಲೆ ತಗ್ಗಿಸಿ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ.

ಅತ್ತೆ ಓದಿ ಮುಗಿಸಿದರು. ನರ್ಸು ಕಣ್ಣೊರೆಸಿಕೊಂಡಳು. ಮೇಷ್ಟ್ರು "ಭೇಷ್" ಎಂದರು. ಕಂಡಕ್ಟರು ಅತ್ತೆಯ ಕಡೆ ತಿರುಗಿ, "ನೀವು ಹೇಳಿ," ಎಂದರು.

ಅತ್ತೆ ಕನ್ನಡಕದ ಮೇಲಿಂದ ಸೊಸೆಯನ್ನು ಬಹಳ ಹೊತ್ತು ನೋಡಿದರು. "ಅತ್ತೆ ಸರಿಯಾಗೇ ಬಂದಿದ್ದಾಳೆ," ಎಂದರು. "ಕೂಗಾಡಿದ್ದು ನಿಜ, ಇಸ್ತ್ರಿ ಹಾಕಿದ್ದೂ ನಿಜ. ಸೊಸೆ ಸುಳ್ಳು. ಇಂಥ ಮೂಗಿ ನಮ್ಮನೇಲಿ ಎಲ್ಲಿದ್ದಾಳೆ? ಹೆದರಿಕೊಂಡು ಬರೆದಿದ್ದಾಳೆ ಇವಳು. ಅತ್ತೆ ಒಬ್ಬಳೇ ಕೂಗಿದ್ರೆ ಅದು ಜಗಳವೇನ್ರೀ? ಅವಳೂ ಒಂದು ಮಾತು ಎದುರಾಡಲಿ." ಆಮೇಲೆ ಕೈಬೀಸಿ, "ಇಳಿ," ಎಂದರು.

ಸೊಸೆ ಇಳಿದಳು. ಅತ್ತೆಯ ಎದುರಿಗೆ ಬಂದು ನಿಂತಳು.

"ಹೇಳ್ಲಾ ಅತ್ತೆ?"

"ಹೇಳು ಅಂದ್ನಲ್ಲ."

"ಅವತ್ತು ನಲ್ಲಿ ತೆರೆದಿಟ್ಟದ್ದು ನಾನಲ್ಲ. ನೀವು. ಎದುರುಮನೆಗೆ ಮಾತಾಡೋಕೆ ಹೋಗಿ ಅಲ್ಲೇ ಕೂತುಬಿಟ್ರಿ. ಆಮೇಲೆ ಬಂದು ದಿನವೆಲ್ಲ ನನ್ನ ಬೈದ್ರಿ."

ಅತ್ತೆಯ ಮುಖ ಕೆಂಪಾಯಿತು, ಗಲ್ಲ ಅದುರಿತು. ಮೆಲ್ಲಗೆ ಎದ್ದರು. ಅಲ್ಲಿದ್ದ ಪೆನ್ನನ್ನು ತೆಗೆದು ಸೊಸೆಯ ಕೈಗೆ ತುರುಕಿದರು.

"ನೋಡಿದ್ರಾ, ಈಗ ಬಂತು ಕಥೆ!" ಎಂದರು ಎಲ್ಲರ ಕಡೆ ತಿರುಗಿ. "ಬರಕೋ, ಬರಕೋ, ಇದನ್ನೇ ಬರಕೋ. ಆಮೇಲೆ ನಾನೇನಂದೆ ಅನ್ನೋದನ್ನ ದಾರೀಲಿ ಹೇಳ್ತೀನಿ."